ಮೂರು ನೀರು ಮುಗಿದ ಮೇಲೆ

ಪಕ್ಕದ ಮನೆಯ ಕೂಸು ಸತ್ತದ್ದು ನನ್ನಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಬರೆದರಾಯಿತು ಅಂತ ಇಟ್ಟುಕೊಂಡರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುವ ಬುದ್ಧಿ ನನ್ನದು. ಆ ಬುದ್ಧಿಯಿಂದಲೇ ಇಷ್ಟೆಲ್ಲ ಆದದ್ದು.

ನಾವಿರುವುದು ಮಂಡ್ಯದ ಗುತ್ತಲಿನಲ್ಲಿ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲು ಎರಡು ಮನೆಗೂ ಸೇರಿದ್ದು, ಬಟ್ಟೆ ಒಗೆಯುವ ಕಲ್ಲೂ ಒಂದೇ. ಆಗ ಆ ಮನೆಯಲ್ಲಿದ್ದವರು ಮುಸಲ್ಮಾನರು. ತಾಯಿ, ಮಗ, ಸೊಸೆ, ಮೂರೇ ಜನ. ಮಗ ಸ್ಕೂಟರು ಬೈಕು ರಿಪೇರಿ ಮಾಡುವವನು. ಸೊಸೆ ಮಳವಳ್ಳಿಯ ಹುಡುಗಿ. ಮದುವೆಯಾಗಿ ನಾಲ್ಕು ವರ್ಷಕ್ಕೆ ಬಸುರಿಯಾಗಿದ್ದಳು. ಆ ನಾಲ್ಕು ವರ್ಷ ಅವಳ ಅತ್ತೆ ಹೋಗದ ದರ್ಗಾ ಇಲ್ಲ, ತೋರಿಸದ ಡಾಕ್ಟರಿಲ್ಲ.

ನನ್ನ ಮನೆಯಲ್ಲಿ ನಾನು, ಮಗ, ಸೊಸೆ, ಐದು ವರ್ಷದ ಮೊಮ್ಮಗಳು. ಸೊಸೆ ಬೆಳಿಗ್ಗೆ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋದರೆ ಬರುವುದು ಸಂಜೆ. ಮೊಮ್ಮಗಳು ನನ್ನ ಪಾಲಿಗೆ. ಅದು ನನ್ನ ಕೈಯಲ್ಲಿ ಉಣ್ಣುತ್ತಿರಲಿಲ್ಲ. ಮಳವಳ್ಳಿಯ ಹುಡುಗಿ ಬಂದು ಎದುರಿಗೆ ಕೂತರೆ ಮಾತ್ರ ಬಾಯಿ ತೆರೆಯುತ್ತಿತ್ತು. ದಿನಾ ಮಧ್ಯಾಹ್ನ ಅವಳು ಬರುವುದು, ನನ್ನ ಕೈಯಿಂದ ತಟ್ಟೆ ತೆಗೆದುಕೊಳ್ಳುವುದು, ಇಲ್ಲದ ಕತೆ ಹೇಳಿ ಉಣಿಸುವುದು.

“ನಿನ್ ಕೂಸು ಹುಟ್ಲಿ, ಆಗ ಇವ್ಳ್ಗೆ ಯಾರ್ ಉಣಿಸ್ತಾರೋ ನೋಡಾನ” ಅಂದರೆ ನಗುವಳು.

“ಇಬ್ರಿಗೂ ಒಂದೇ ತಟ್ಟೇಲಿ ಉಣಿಸ್ತೀನಿ ಬುಡಿ ಅಜ್ಜಿ. ನಿಮ್ ಕೈಯ್ಯಂತೂ ಅದೂ ನೋಡಾಕಿಲ್ಲ. ನೀವ್ ಉಣ್ಸೋದು ಎಮ್ಮೆಗ್ ಇಂಡಿ ತುರುಕ್ದಂಗೆ.”

ಹಾಗೆ ಇದ್ದೆವು.

ಅದು ಬೇಸಿಗೆಗೆ ಮುಂಚೆ, ಬಿಸಿಲು ಏರುತ್ತಿದ್ದ ಕಾಲ. ಅವರಿಗೆ ಉಪವಾಸದ ತಿಂಗಳು ಅರ್ಧ ಕಳೆದಿತ್ತು. ಬಸುರಿಯಾದ್ದರಿಂದ ಹುಡುಗಿ ಉಪವಾಸ ಹಿಡಿದಿರಲಿಲ್ಲ, ಅವಳ ಅತ್ತೆ ಹಿಡಿದಿದ್ದಳು. ನನ್ನ ಮೊಮ್ಮಗಳಿಗೆ ಜ್ವರ ಬಂತು. ಮಾರನೆಯ ದಿನ ಬೆನ್ನ ಮೇಲೆ ನಾಲ್ಕಾರು ಗುಳ್ಳೆ, ಒಳಗೆ ನೀರು ತುಂಬಿಕೊಂಡು ಮಣಿ ಇಟ್ಟ ಹಾಗೆ. ನೋಡಿದ ಕೂಡಲೇ ಗೊತ್ತಾಯಿತು. ಡಾಕ್ಟರು ಇದಕ್ಕೆ ಚಿಕನ್ ಪಾಕ್ಸ್ ಅನ್ನುತ್ತಾರೆ. ನಾವು ಅಮ್ಮ ಬಂದಳು ಅನ್ನುತ್ತೇವೆ.

ನಮ್ಮ ಮನೆತನಕ್ಕೆ ಇದರಲ್ಲಿ ಒಂದು ಕಟ್ಟು ಇದೆ. ಕೆಲವರು ಬೀದಿ ಬಾಗಿಲಿಗೇ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಅದನ್ನು ಕಂಡವರು ತಾವಾಗಿಯೇ ದೂರ ನಿಲ್ಲುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಸೊಪ್ಪು ಒಳಬಾಗಿಲಿಗೆ. ಮಗುವಿಗೆ ಬೇವು ಅರಿಸಿನ ಹಾಕಿದ ನೀರನ್ನು ದಿನ ಬಿಟ್ಟು ದಿನ ಮೂರು ಸಲ ಹುಯ್ದು ಮುಗಿಸುವ ತನಕ ಅಮ್ಮ ಬಂದಿದ್ದಾಳೆಂದು ಹೊರಗಿನವರ ಹತ್ತಿರ ಬಾಯಿ ಬಿಡಬಾರದು. ಒಗ್ಗರಣೆ ಹಾಕಬಾರದು, ಎಣ್ಣೆಯಲ್ಲಿ ಕರಿಯಬಾರದು, ಅದರ ವಾಸನೆಯೂ ಮಗು ಮಲಗಿದ ಕಡೆ ಸುಳಿಯಬಾರದು. ಮದುವೆಯಾಗಿ ಮದ್ದೂರು ಕಡೆಯ ಹಳ್ಳಿಗೆ ಬಂದಾಗ ನಮ್ಮತ್ತೆ ಹೇಳಿಕೊಟ್ಟದ್ದು ಇದು. ಹಿಂದೆ ಯಾರೋ ಬಾಯಿ ಬಿಟ್ಟದ್ದಕ್ಕೆ ಮಗುವಿನ ಕಣ್ಣು ಹೋಯಿತಂತೆ. ಆ ಕಣ್ಣು ಹೋದ ಮಗುವನ್ನು ನಾನು ನೋಡಿಲ್ಲ. ನೋಡಿದವರನ್ನೂ ನೋಡಿಲ್ಲ. ಆದರೂ ನಂಬಿದ್ದೆ. ನನ್ನ ಮೂರು ಮಕ್ಕಳಿಗೆ ಅಮ್ಮ ಬಂದಾಗಲೂ ಹಾಗೆಯೇ ನಡೆದುಕೊಂಡೆ, ಮೂವರೂ ಉಳಿದರು. ಆದರೆ ಆಗ ನಾವಿದ್ದದ್ದು ಗದ್ದೆ ಬಯಲಿನ ಒಂಟಿ ಮನೆಯಲ್ಲಿ. ಕೂಗಿದರೂ ಕೇಳುವವರಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಇಲ್ಲಿ ನಡುವೆ ಒಂದು ಗೋಡೆ. ಆ ವ್ಯತ್ಯಾಸ ನನ್ನ ತಲೆಗೆ ಹೋಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹೋಗಿತ್ತು. ಹೇಗೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಗುಳ್ಳೆ ಕಂಡ ದಿನ ಮಧ್ಯಾಹ್ನವೂ ಮಳವಳ್ಳಿಯ ಹುಡುಗಿ ಬಂದಳು. ಒಂಬತ್ತನೇ ತಿಂಗಳು ತುಂಬುತ್ತಿತ್ತು. ಬಾಗಿಲು ಹಿಡಿದುಕೊಂಡು ಹೊಸ್ತಿಲು ದಾಟಿದಳು.

“ಇದ್ಯಾಕಜ್ಜಿ, ನಮ್ ಬಾಯ್ಬಡ್ಕಿ ಮಲ್ಗ್ಬುಟ್ಟವ್ಳೆ?”

“ಜ್ವರ ಕಣವ್ವ.”

“ಬೆನ್ಮ್ಯಾಲ್ ಏನಿವು?”

“ಬಿಸ್ಲುಗುಳ್ಳೆ” ಅಂದೆ.

ಅಮ್ಮನ ಹೆಸರು ಎತ್ತಬಾರದು ಅಂತ ಕಟ್ಟು ಇತ್ತು, ನಿಜ. ಬಿಸಿಲುಗುಳ್ಳೆ ಅನ್ನು ಅಂತ ಕಟ್ಟು ಇರಲಿಲ್ಲ. ಅದು ನನ್ನ ಬಾಯಿಂದ ತಾನಾಗಿಯೇ ಬಂತು. ಹುಡುಗಿ ನಂಬಿದಳು. ಒಳಬಾಗಿಲಿನ ಸೊಪ್ಪನ್ನು ನೋಡಿದಳೋ ಇಲ್ಲವೋ, ನೋಡಿದ್ದರೂ ಸೊಳ್ಳೆಗೆ ಅಂದುಕೊಂಡಿರಬೇಕು. ಮಗುವನ್ನು ಎತ್ತಿ ಕೂರಿಸಿ, ಮಡಿಲಲ್ಲಿ ಜಾಗವಿಲ್ಲದೆ ಹೊಟ್ಟೆಗೇ ಒರಗಿಸಿಕೊಂಡು, ಮೊಸರನ್ನ ಉಣಿಸಿ ಹೋದಳು.

ಅವತ್ತು ಸಂಜೆಗೆ ಮುಂಚೆ ನಾನು ಗೋಡೆ ಪಕ್ಕ ಹೋಗಿ ಅವಳ ಅತ್ತೆಯನ್ನು ಕರೆದೆ. ಉಪವಾಸ ಬಿಡುವ ಹೊತ್ತಿಗೆ ಅವಳು ದಿನಾ ಎಣ್ಣೆ ಇಟ್ಟು ಏನಾದರೂ ಕರಿಯುತ್ತಿದ್ದಳು. ಹಿಂದಿನ ದಿನ ನಮಗೂ ಕೊಟ್ಟಿದ್ದಳು.

“ಒಂದ್ ಎಂಟತ್ ದಿನ ಒಗ್ರಣೆ ಆಕ್ಬ್ಯಾಡ ಕಣವ್ವ, ಕರೀಬ್ಯಾಡ. ನಮ್ಮನೇಲಿ ಒಂದ್ ಕಟ್ಟದೆ” ಅಂದೆ.

“ಏನಕ್ಕ ಕಟ್ಟು?”

“ದೇವ್ರುದು.”

ದೇವರದು ಅಂದ ಮೇಲೆ ಅವಳು ಮತ್ತೆ ಕೇಳಲಿಲ್ಲ. “ಆಯ್ತು ಬುಡಕ್ಕ. ಖರ್ಜೂರ ಅದೆ, ಅಣ್ಣು ಅಂಪ್ಲು ಅದೆ, ಗಂಜಿ ಮಾಡ್ಕತೀವಿ” ಅಂದಳು. ಒಂಬತ್ತು ದಿನ ಆ ಮನೆಯಲ್ಲಿ ಬಾಣಲೆ ಒಲೆಗೆ ಏರಲಿಲ್ಲ. ದಿನವಿಡೀ ನೀರೂ ಕುಡಿಯದ ಹೆಂಗಸು ಸಂಜೆ ಸಪ್ಪೆ ಗಂಜಿ ಕುಡಿದಳು, ಅವಳ ಮಗನೂ ಕುಡಿದ. ಒಂದು ದಿನ ಅವನು ಗೊಣಗಿದ್ದು ಗೋಡೆಯಾಚೆ ಕೇಳಿಸಿತು. ಅವಳು ಗದರಿದ್ದೂ ಕೇಳಿಸಿತು. ಅವರ ಮಾತು ನನಗೆ ಪೂರಾ ಅರ್ಥವಾಗುವುದಿಲ್ಲ, ಆದರೆ ಅಜ್ಜಿ ಅನ್ನುವುದು ಅರ್ಥವಾಯಿತು. ನನ್ನ ದೇವರನ್ನು ಅವರು ಹೀಗೆ ನಡೆಸಿಕೊಂಡರು.

ರಾತ್ರಿಯ ಅಡುಗೆಗೆ ಮುಂಚೆ ನನ್ನ ಸೊಸೆ ಗಾರ್ಮೆಂಟ್ಸಿನಿಂದ ಬಂದಳು. ದಾರಿಯಲ್ಲಿ ಮೆಡಿಕಲ್ ಅಂಗಡಿಯಲ್ಲಿ ಇಳಿದು ತುರಿಕೆಗೆ ಹಚ್ಚುವ ಗುಲಾಬಿ ಬಣ್ಣದ ಔಷಧಿ ತಂದಿದ್ದಳು. ಅಮ್ಮನಿಗೆ ಔಷಧಿ ಹಚ್ಚುವುದೂ ನಮ್ಮಲ್ಲಿಲ್ಲ. ಅದಕ್ಕೆ ಒಂದು ಜಗಳ ಆಯಿತು. ಜಗಳ ಮುಗಿದ ಮೇಲೆ ಅವಳು ಹೇಳಿದಳು.

“ಅತ್ತೆ, ಅಂಗ್ಡಿಯವ್ನು ಏಳ್ದ, ಬಸ್ರೀರು ಅತ್ರಕ್ ಬರಬಾರ್ದಂತೆ. ಒಟ್ಟೇಲಿರೋ ಕೂಸ್ಗೆ ತೊಂದ್ರೆ ಆಯ್ತದಂತೆ. ಪಕ್ಕದ್ಮನೆಯೋಳ್ಗೆ ಏಳ್ಬುಡಿ.”

“ಏಳ್ತೀನಿ ಬುಡು.”

“ಇವತ್ತೇ ಏಳ್ಬೇಕು.”

“ಏಳ್ತೀನಿ ಅಂದ್ನಲ್ಲಮ್ಮಿ, ನಾನೇನ್ ಕಿವುಡೀನಾ?”

ಇಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದಲ್ಲ. ಆ ರಾತ್ರಿ ಮಲಗಿ ಯೋಚನೆ ಮಾಡಿದೆ. ಬಾಯಿ ಬಿಟ್ಟರೆ ಮೊಮ್ಮಗಳ ಕಣ್ಣು ಹೋಗಬಹುದು. ಬಾಯಿ ಬಿಡದಿದ್ದರೆ ಬೇರೆಯವರ ಹೊಟ್ಟೆಗೆ ಏನಾದರೂ ಆಗಬಹುದು. ಅಂಗಡಿಯವನು ಔಷಧಿ ಮಾರುವವನು, ಹೆದರಿಸುತ್ತಾನೆ, ಅವನಿಗೇನು ಗೊತ್ತು ಅಂದುಕೊಂಡೆ. ಹೆಸರು ಎತ್ತದೆಯೂ ಹೇಳಬಹುದಿತ್ತು. ನಾಲ್ಕು ದಿನ ನಮ್ಮ ಮನೆಗೆ ಬರಬೇಡ, ಅಷ್ಟೇ ಅಂದಿದ್ದರೆ ಸಾಕಿತ್ತು. ಅದನ್ನೂ ಅನ್ನಲಿಲ್ಲ. ಯಾಕೆಂದರೆ ಅವಳು ಬರದಿದ್ದರೆ ಮಗು ಉಣ್ಣುವುದಿಲ್ಲ. ಇದರಲ್ಲಿ ಅಮ್ಮನೂ ಇಲ್ಲ ಕಟ್ಟೂ ಇಲ್ಲ. ನನಗೆ ಅನುಕೂಲವಿತ್ತು, ಅಷ್ಟೇ.

ಮಾರನೆಯ ದಿನವೂ ಅವಳು ಬಂದಳು. ಅದರ ಮಾರನೆಯ ದಿನವೂ. ನಾಲ್ಕು ದಿನ ಅದೇ ಕೋಣೆಯಲ್ಲಿ, ಕಿಟಕಿ ಮುಚ್ಚಿದ್ದ ಆ ಕತ್ತಲಲ್ಲಿ ಕೂತು ಉಣಿಸಿದಳು. ಅದರ ನಡುವೆ ಎರಡು ಸಂಜೆ ಸೊಸೆ ಕೇಳಿದಳು.

“ಏಳಿದ್ರಾ ಅತ್ತೆ?”

“ಏಳ್ದೆ.”

ಐದನೆಯ ದಿನದಿಂದ ಹುಡುಗಿ ಹೊಟ್ಟೆ ಭಾರ ಅಂತ ಬರುವುದು ನಿಲ್ಲಿಸಿದಳು. ಮೊಮ್ಮಗಳಿಗೆ ಗುಳ್ಳೆ ಬಾಡಿ ಹಕ್ಕಳೆ ಕಟ್ಟಿತು. ಮೊದಲ ನೀರು, ಎರಡನೆಯ ನೀರು, ಮೂರನೆಯ ನೀರು ಹಾಕಿ, ತಂಬಿಟ್ಟು ಮೊಸರನ್ನ ಎಡೆ ಇಟ್ಟು ಅಮ್ಮನನ್ನು ಕಳಿಸಿದೆ. ಒಂದು ಕಲೆ ಬಿಟ್ಟರೆ ಏನೂ ಉಳಿಯಲಿಲ್ಲ. ಕಣ್ಣು ಚೆನ್ನಾಗಿತ್ತು. ಕಟ್ಟು ಕಾಪಾಡಿದೆ ಅಂತ ನನಗೆ ಹೆಮ್ಮೆಯಾಯಿತು. ಪಕ್ಕದ ಮನೆಗೂ ತಂಬಿಟ್ಟು ಕೊಟ್ಟೆ. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ.

ಅವರ ಹಬ್ಬದ ಹಿಂದಿನ ದಿನ ಹುಡುಗಿಗೆ ಜ್ವರ ಬಂತು, ಸಂಜೆಗೆ ಮೈಯೆಲ್ಲ ಗುಳ್ಳೆ. ಹಬ್ಬದ ಮಾರನೆಯ ದಿನ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದರು. ಗಂಡು ಕೂಸು. ಹುಟ್ಟಿದಾಗ ಚೆನ್ನಾಗಿತ್ತು, ಅಳುವೂ ಜೋರಾಗಿತ್ತಂತೆ. ಐದಾರು ದಿನಕ್ಕೆ ಅದಕ್ಕೂ ಗುಳ್ಳೆ ಎದ್ದಿತು. ಆಮೇಲೆ ಉಸಿರು ಕಟ್ಟಲು ಶುರುವಾಯಿತು. ಗಾಜಿನ ಕೋಣೆಗೆ ಹಾಕಿದರು.

ನಾನು ನೋಡಲು ಹೋದೆ. ಹೋಗದೆ ಇರಲು ಆಗುತ್ತಿರಲಿಲ್ಲ, ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೆ. ಒಬ್ಬ ಡಾಕ್ಟರಮ್ಮ ಬಂದು ಹುಡುಗಿಯ ಮಂಚದ ಹತ್ತಿರ ನಿಂತು ಕೇಳಿದರು. ಎರಡು ವಾರದ ಹಿಂದೆ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾರಿಗಾದರೂ ಅಮ್ಮ ಆಗಿತ್ತಾ ಅಂತ. ಹುಡುಗಿ ಮಲಗಿದ್ದ ಕಡೆಯಿಂದಲೇ ನನ್ನನ್ನು ನೋಡಿ ಅಂದಳು.

“ಅಜ್ಜಿ ಮೊಮ್ಮಗಳ್ಗೆ ಗುಳ್ಳೆ ಎದ್ದಿದ್ವು.”

ಅವಳ ಅತ್ತೆ ನನ್ನ ಕಡೆ ತಿರುಗಿದಳು. “ಔದಾ ಅಕ್ಕ? ಅದೇನಾ ಇದು?”

“ಇಲ್ಲ ಕಣವ್ವ. ಅದು ಬಿಸ್ಲುಗುಳ್ಳೆ” ಅಂದೆ.

ಡಾಕ್ಟರಮ್ಮ ಬರೆದುಕೊಂಡು ಹೋದರು. ಹುಡುಗಿ ಗೋಡೆ ಕಡೆ ಮುಖ ಮಾಡಿಕೊಂಡಳು. ಕೂಸು ಇನ್ನೂ ಮೂರು ದಿನ ಇತ್ತು. ಆಮೇಲೆ ಹೋಯಿತು.

ದುಃಖ ಬಂದ ಮನೆಯಲ್ಲಿ ಯಾರ ತಪ್ಪು ಅಂತ ಹುಡುಕದೆ ಬಿಡುವುದಿಲ್ಲ. ಹುಡುಗಿ ಉಪವಾಸದ ತಿಂಗಳಲ್ಲಿ ಒಂದು ಸಲ ಪೇಟೆಬೀದಿಗೆ ಹೋಗಿದ್ದಳು. ಹಬ್ಬಕ್ಕೆ ಒಂದು ಬಟ್ಟೆ, ಹುಟ್ಟುವ ಕೂಸಿಗೆ ಎರಡು ಬಟ್ಟೆ ತರಲು. ತುಂಬಿದ ಬಸುರಿ, ಜನಜಂಗುಳಿ, ಹೋಗಬೇಡ ಅಂತ ಅತ್ತೆ ಅಂದಿದ್ದಳು, ಅವಳು ಹೋಗಿದ್ದಳು. ಅದೇ ಸಾಕಾಯಿತು. ಪೇಟೆಬೀದಿಯಿಂದ ಹತ್ತಿಸಿಕೊಂಡು ಬಂದಳು ಅಂತ ತೀರ್ಮಾನವಾಯಿತು. ಹುಡುಗಿ ಮತ್ತೆ ಮತ್ತೆ ನಮ್ಮ ಮನೆಯ ಹೆಸರು ಹೇಳಿದಳಂತೆ. ಅದು ಇನ್ನೂ ಕೆಟ್ಟದಾಯಿತು. ತನ್ನ ತಪ್ಪು ಮುಚ್ಚಿಕೊಳ್ಳಲು ಪಕ್ಕದ ಮನೆಯ ಮುದುಕಿಯ ಮೇಲೆ ಹಾಕುತ್ತಾಳೆ ಅಂದರು. ಹಸಿ ಬಾಣಂತಿಯನ್ನು ಅವಳ ಅಪ್ಪ ಬಂದು ಮಳವಳ್ಳಿಗೆ ಕರೆದುಕೊಂಡು ಹೋದ. ಕೂಸಿಲ್ಲದೆ.

ಇದನ್ನೆಲ್ಲ ಅವಳ ಅತ್ತೆಯೇ ಒಗೆಯುವ ಕಲ್ಲಿನ ಹತ್ತಿರ ನನ್ನ ಸೊಸೆಗೆ ಹೇಳಿದಳು. “ಅಜ್ಜಿ ಮ್ಯಾಲೆ ಸುಳ್ ಏಳ್ತಾಳಲ್ಲ, ಅದು ನಂಗ್ ಸಯ್ಸಾಕಾಗ್ನಿಲ್ಲ ಕಣಮ್ಮ. ಅವ್ಳ್ನ ವಾಪಸ್ ಕರ್ಕೊಳ್ಳಾಕಿಲ್ಲ ನಾನು.”

ನನ್ನ ಸೊಸೆ ಒದ್ದೆ ಕೈಯಲ್ಲೇ ಒಳಗೆ ಬಂದು ಬಾಗಿಲು ಹಾಕಿದಳು.

“ಏಳ್ದೆ ಅಂದ್ರಲ್ಲ ಅತ್ತೆ?”

ನಾನು ಸೊಪ್ಪು ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ.

“ನಿಮ್ಮುನ್ನೇ ಕೇಳ್ತಿರೋದು. ಎರ್ಡ್ ಸಲ ಕೇಳ್ದೆ, ಎರ್ಡ್ ಸಲವೂ ಏಳ್ದೆ ಅಂದ್ರಿ. ಏನ್ ಏಳಿದ್ರಿ? ಯಾರ್ಗ್ ಏಳಿದ್ರಿ?”

“ಈಗೇನ್ ಮಾಡಾದು?”

“ಈಗ್ಲಾದ್ರೂ ಏಳಿ. ಇಲ್ದಿದ್ರೆ ನಾನ್ ಏಳ್ತೀನಿ.”

ಅಷ್ಟರಲ್ಲಿ ಮಗ ಬಂದ. ಎಲ್ಲ ಕೇಳಿಕೊಂಡು ತಲೆಯ ಮೇಲೆ ಕೈ ಇಟ್ಟುಕೊಂಡ.

“ಇಬ್ರೂ ಸುಮ್ಕಿರಿ. ಏಳ್ಬುಟ್ರೆ ಕೂಸ್ ಎದ್ ಬಂದದಾ? ಈಗಿನ್ ಕಾಲ ಎಂಥದು ಅಂತ ಗೊತ್ತಿಲ್ವಾ? ನಾಳೆ ನಮ್ ಕಡೆಯೋರು ನಾಕ್ ಜನ ಬತ್ತಾರೆ, ಅವ್ರ ಕಡೆಯೋರು ನಾಕ್ ಜನ ಬತ್ತಾರೆ. ಇದು ಎಲ್ಗೋ ಓಯ್ತದೆ.”

“ಆ ಉಡ್ಗಿ ಗತಿ?” ಅಂದಳು ಸೊಸೆ.

“ಅದು ಅವ್ರ್ ಮನೆ ಇಸ್ಯ.”

ನನಗೆ ಆ ಮಾತು ಹಿತವಾಯಿತು. ಮಗ ಹೇಳಿದ ಅಂತ ಸುಮ್ಮನಿದ್ದೆ. ಒಂದೂವರೆ ತಿಂಗಳು ಸುಮ್ಮನಿದ್ದೆ. ಸೊಸೆ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಇಟ್ಟು ಹೋಗುವಳು, ತೆಗೆದುಕೊಂಡು ಹೋಗುವಳು. ತಾನೇ ಹೇಳುತ್ತೇನೆ ಅಂದವಳು ಹೇಳಲಿಲ್ಲ, ಗಂಡನಿಗೆ ಹೆದರಿದಳು. ಅದಕ್ಕೆ ಅವಳ ಮೇಲೆ ಅವಳಿಗೇ ಸಿಟ್ಟು, ಅದೂ ನನ್ನ ಮೇಲೆಯೇ ಬರುತ್ತಿತ್ತು. ಪಕ್ಕದ ಮನೆಯವಳು ಮಾತ್ರ ಮೊದಲಿನ ಹಾಗೆಯೇ ಅಕ್ಕ ಅನ್ನುತ್ತಿದ್ದಳು. ತನ್ನ ಸೊಸೆ ಇಲ್ಲಸಲ್ಲದ್ದು ಅಂದಳು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ನನಗೇ ಸಮಾಧಾನ ಹೇಳುತ್ತಿದ್ದಳು. ಅದನ್ನು ಕೇಳಿಸಿಕೊಂಡು ನಿಂತಿದ್ದೆನಲ್ಲ, ನನ್ನಂಥವಳಿಗೂ ಅದು ಕಷ್ಟವಾಯಿತು. ಒಂದು ದಿನ ಅವಳು ಮಗನಿಗೆ ಬೇರೆ ಹೆಣ್ಣು ನೋಡುವ ಮಾತೆತ್ತಿದಳು. ಮಾರನೆಯ ದಿನ ನಾನು ಬಸ್ಸು ಹತ್ತಿದೆ.

ಹೋದದ್ದು ಮಳವಳ್ಳಿಗಲ್ಲ. ಮದ್ದೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಗಂಡನ ಊರಿಗೆ, ಅಮ್ಮನ ಗುಡಿಗೆ. ನೇರವಾಗಿ ಹೋಗಿ ತಪ್ಪು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ. ಮೊದಲು ಅಮ್ಮನ ಹತ್ತಿರ ಒಂದು ಮಾತು ಕೇಳಿಬಿಡೋಣ, ಕಟ್ಟು ಮೀರಬೇಡ ಅಂತ ಅಪ್ಪಣೆ ಆದರೆ ಅಲ್ಲಿಗೇ ಮುಗಿಯಿತು ಅನ್ನುವ ಆಸೆ. ಪೂಜಾರಿ ನನಗೆ ಮೈದುನನ ವರಸೆ. ನನಗಿಂತ ಐದಾರು ವರ್ಷಕ್ಕೆ ಚಿಕ್ಕವನು. ಗುಡಿ ಮುಂದೆ ಕಸ ಗುಡಿಸುತ್ತಿದ್ದ.

“ಏನತ್ತಿಗೆ, ಅಬ್ಬ ಇಲ್ಲ ಅರಿದಿನ ಇಲ್ಲ. ಇನ್ನೂ ಬದ್ಕಿದ್ದೀಯಾ?”

“ನಿನ್ನ ಕಳ್ಸೇ ಓಗೋದು. ಪೊರಕೆ ಮಡುಗು, ಮಾತದೆ.”

ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಬಾಯಿ ಬಿಟ್ಟು ಪೂರಾ ಹೇಳಿದ್ದು ಅದೇ ಮೊದಲು. ಅವನು ನನ್ನ ಮುಖ ನೋಡದೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ.

“ಈಗ ಏಳ್ಬುಟ್ರೆ ಕಟ್ಟು ಮೀರ್ದಂಗಾಗಕಿಲ್ವಾ?” ಅಂದೆ.

“ಯಾವ್ ಕಟ್ಟು?”

“ಬಾಯ್ ಬುಡ್ಬಾರ್ದು ಅಂತ ಅದ್ಯಲ್ಲ.”

“ಎಲ್ಲೀಗಂಟ?”

“ಮೂರ್ ನೀರಾಗಾಗಂಟ.”

“ಮೂರ್ ನೀರಾದ್ಮ್ಯಾಲಲ್ವಾ ನೀನು ಆಸ್ಪತ್ರೇಲಿ ನಿಂತ್ಕಂಡು ಅಲ್ಲ ಅಂದಿದ್ದು?”

ನಾನು ಗುಡಿಯ ಬಾಗಿಲ ಕಡೆ ನೋಡಿದೆ.

“ಅಲ್ಲೀಗಂಟ ಅಮ್ಮನ ಕಟ್ಟು. ಅಲ್ಲಿಂದೀಚೇದು ನಿಂದು. ಅದ ತಂದು ಇಲ್ಲಿ ಮಡಗ್ಬ್ಯಾಡ. ಇನ್ನೊಂದ್ ಕೇಳ್ತೀನಿ. ಬಿಸ್ಲುಗುಳ್ಳೆ ಅನ್ನೋದ ಯಾರ್ ಏಳ್ಕೊಟ್ರು ನಿಂಗೆ? ನಿಮ್ಮತ್ತೆ ಏಳ್ಕೊಟ್ಟಿದ್ಲಾ?”

“ಇಲ್ಲ.”

“ಅಮ್ಮ ಮಯ್ಮ್ಯಾಲ್ ಬಂದ್ ಏಳಿದ್ಲಾ?”

“ಇಲ್ಲ ಕಣಪ್ಪ.”

“ಮತ್ತೆ?” ಅಂದ. ಎಲೆ ಬಾಯಿಗೆ ಹಾಕಿಕೊಂಡ.

ಹಣ್ಣುಕಾಯಿ ತಂದಿದ್ದೆ. ಅದನ್ನು ಮುಂದೆ ಇಟ್ಟೆ. ಅವನು ಮುಟ್ಟಲಿಲ್ಲ. “ತಕಂಡೋಗು. ಬಾಯ್ಮುಚ್ಕಂಡು ಬಂದೋರ್ ಕಾಯಿ ಒಡ್ದು ನಂಗೇನಾಗ್ಬೇಕು” ಅಂದ. ಕಾಯನ್ನು ವಾಪಸ್ಸು ತಂದು ಸಾರಿಗೆ ಹಾಕಿದೆ. ಬಿಸಾಡಲು ಮನಸ್ಸು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಮಗ ಕೆಲಸಕ್ಕೆ ಹೋಗುವುದನ್ನೇ ಕಾದು ಹಿತ್ತಲಿಗೆ ಹೋದೆ. ಹುಡುಗಿಯ ಅತ್ತೆ ಕಲ್ಲಿನ ಮೇಲೆ ಬೆಡ್‌ಶೀಟು ಕುಕ್ಕುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಕೂತರೆ ಹೇಳಲು ಆಗುವುದಿಲ್ಲ ಅಂತ ಗೊತ್ತಿತ್ತು. ಅಮ್ಮ ಬಂದದ್ದು, ಅಂಗಡಿಯವನು ಎಚ್ಚರಿಸಿದ್ದು, ನಾನು ಬಿಸಿಲುಗುಳ್ಳೆ ಅಂದದ್ದು, ನಾಲ್ಕು ದಿನ ಕೂರಿಸಿಕೊಂಡದ್ದು, ಆಸ್ಪತ್ರೆಯಲ್ಲಿ ಇಲ್ಲ ಅಂದದ್ದು, ಒಂದೂ ಬಿಡಲಿಲ್ಲ.

ಅವಳು ಕೂಗುತ್ತಾಳೆ ಅಂದುಕೊಂಡಿದ್ದೆ. ಕೂಗಿದ್ದರೆ ಒಳ್ಳೆಯದಿತ್ತು. ಬೆಡ್‌ಶೀಟು ಕೈಯಲ್ಲಿ ಹಿಡಿದುಕೊಂಡು ನಿಂತಳು, ನೀರು ಅವಳ ಕಾಲ ಮೇಲೆ ಸುರಿಯುತ್ತಿತ್ತು.

“ನೀವು ದೇವ್ರುದು ಅಂದ್ರಿ. ಅದ್ಕೇ ನಾನ್ ಕೇಳ್ನಿಲ್ಲ” ಅಂದಳು. “ಕೇಳಿದ್ರೆ ಏಳ್ತಿದ್ರಾ ಅಕ್ಕ?”

ಹೇಳುತ್ತಿದ್ದೆ ಅನ್ನಬಹುದಿತ್ತು. ಆ ಒಂದು ಸುಳ್ಳು ಅವಳಿಗೂ ಬೇಕಾಗಿತ್ತೇನೋ.

“ಇಲ್ಲ ಕಣವ್ವ. ಏಳ್ತಿರ್ಲಿಲ್ಲ.”

ಅವಳು ಅರ್ಧ ಒಗೆದ ಬಟ್ಟೆಯನ್ನು ಬಕೆಟ್ಟಿಗೆ ತುಂಬಿಕೊಂಡು ಒಳಗೆ ಹೋದಳು. ಆಮೇಲೆ ನನ್ನನ್ನು ಅಕ್ಕ ಅಂದದ್ದಿಲ್ಲ.

ಮಧ್ಯಾಹ್ನ ಅವಳ ಮಗ ಗ್ಯಾರೇಜಿನಿಂದ ಬಂದ. ಕೈಯಲ್ಲಿ ಇನ್ನೂ ಗ್ರೀಸಿತ್ತು. ನಮ್ಮ ಬಾಗಿಲಲ್ಲಿ ನಿಂತ. ಬೀದಿಯವರು ಇಬ್ಬರು ಮೂವರು ನೋಡುತ್ತಿದ್ದರು. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದರೆ ತಿನ್ನೋಣ ಅಂತಲೂ ಅಂದುಕೊಂಡೆ.

“ಅಜ್ಜಿ, ಈ ಮಾತ ಮಳವಳ್ಳಿಗ್ ಬಂದು ನೀವೇ ಏಳ್ಬೇಕು. ನಾನ್ ಏಳಿದ್ರೆ ಅವ್ಳು ಬಾಗ್ಲು ತಗ್ಯಾಕಿಲ್ಲ” ಅಂದ. ಆಮೇಲೆ ನೆಲ ನೋಡಿಕೊಂಡು ಅಂದ, “ನಾನೂ ಅವ್ಳ್ನೇ ಅಂದ್ಬುಟ್ಟಿದ್ದೀನಿ. ನೀನೇ ಕೂಸ್ನ ತಿಂದೆ ಅಂತ.”

ಅವತ್ತೇ ಹೊರಟೆವು. ಬಸ್ಸಿನಲ್ಲಿ ಅವನು ಮುಂದೆ, ನಾನು ಹಿಂದೆ. ಕಂಡಕ್ಟರ್ ಬಂದಾಗ ನನ್ನನ್ನು ತೋರಿಸಿ ನನ್ನ ಟಿಕೇಟನ್ನೂ ಅವನೇ ತೆಗೆದ.

ಮಳವಳ್ಳಿಯಲ್ಲಿ ಅವಳ ತವರುಮನೆ ಸಂತೆಮಾಳದ ಹಿಂದಿನ ಓಣಿಯಲ್ಲಿ. ಅವಳ ಅಪ್ಪ ಬಾಗಿಲಲ್ಲೇ ಅಳಿಯನನ್ನು ತಡೆದ. “ಅಜ್ಜಿ ಏಳೋದ ಕೇಳ್ಬುಡಿ ಮಾವ, ಆಮೇಲ್ ಒದ್ದು ಕಳ್ಸಿ” ಅಂದ ಅವನು. ಒಳಗೆ ಚಾಪೆ ಹಾಕಿದರು. ಹುಡುಗಿ ಬಂದು ಗೋಡೆಗೆ ಒರಗಿ ನಿಂತಳು. ಮುಖದ ತುಂಬ ಕಲೆ. ಮೈ ಇಳಿದು ಹೋಗಿತ್ತು. ಎಲ್ಲರ ಮುಂದೆ ಮೂರನೆಯ ಸಲ ಹೇಳಿದೆ. ಅವಳ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹುಡುಗಿ ಅಳಲಿಲ್ಲ.

“ನಂಗ್ ಗೊತ್ತಿತ್ತು” ಅಂದಳು. ಗಂಡನಿಗೆ ಅಂದದ್ದು, ನನಗಲ್ಲ. “ಆಸ್ಪತ್ರೇಲೇ ಏಳ್ದೆ. ನಿಮ್ಮಮ್ಮಂಗ್ ಏಳ್ದೆ, ನಿಂಗ್ ಏಳ್ದೆ. ಈಯಮ್ಮ ಏಳಿದ್ ಮ್ಯಾಲೆ ನಂಬಿದ್ರಾ ಈಗ?”

ಅವನು ಉಗುರಿನ ಗ್ರೀಸು ಕೆರೆದ.

ಆಮೇಲೆ ಅವಳು ನನ್ನ ಕಡೆ ತಿರುಗಿದಳು.

“ಒಂದ್ ಮಾತ್ ಅಂದಿದ್ರೆ ಸಾಕಿತ್ತು ಅಜ್ಜಿ. ಇಲ್ಲಿಗ್ ಬಂದು ಇದ್ಬುಡ್ತಿದ್ದೆ. ಒಂದ್ ಗಂಟೆ ದಾರಿ.”

“ಔದು.”

“ನಿಮ್ ದೇವ್ರ್ ಮ್ಯಾಲೆ ನಂಗೇನಿಲ್ಲ. ನಿಮ್ ದೇವ್ರು, ನೀವ್ ನಡ್ಸ್ಕೊಳಿ. ಆದ್ರೆ ನಾಕ್ ದಿನ ಎದುರ್ಗೇ ಕೂತಿದ್ನಲ್ಲ, ಈ ಒಟ್ಟೆ ಒತ್ಕಂಡು. ನೀವ್ ಏನ್ ನೋಡ್ತಿದ್ರಿ?”

“ತಟ್ಟೆ ನೋಡ್ತಿದ್ದೆ” ಅಂದೆ. ನಿಜವಾಗಿ ಅದನ್ನೇ ನೋಡುತ್ತಿದ್ದದ್ದು. ಎಷ್ಟು ತುತ್ತು ಉಳಿದಿದೆ, ಮಗು ಎಷ್ಟು ತಿಂದಿತು ಅಂತ.

ಯಾರೋ ನೀರು ತಂದುಕೊಟ್ಟರು. ಕುಡಿದೆ.

ಇದು ಬೀದಿಯಲ್ಲಿ ಹಬ್ಬಿದ ಮೇಲೆ ಮಗ ಹೆದರಿದ್ದಷ್ಟು ಏನೂ ಆಗಲಿಲ್ಲ. ಆದರೆ ನಮ್ಮವನೇ ಒಬ್ಬ, ನಾನು ಎತ್ತಿ ಆಡಿಸಿದವನು, ಮನೆ ಮುಂದೆ ಬೈಕು ನಿಲ್ಲಿಸಿ ಕೇಳಿದ.

“ಅವ್ರ್ ಮುಂದ್ ಓಗಿ ನಮ್ಮಮ್ಮನ್ ಮಾನ ಕಳ್ದ್ಯಲ್ಲಜ್ಜಿ.”

“ಅಮ್ಮ ಸುಳ್ ಏಳಿರ್ಲಿಲ್ಲ ಕಣ್ಲಾ, ನಾನ್ ಏಳಿದ್ದು. ಓಗಿದ್ದು ನನ್ ಮಾನ. ನೀನ್ಯಾಕ್ ಒದ್ದಾಡೀಯೆ? ಓಗು, ಗಾಡಿ ಬುಡೋ ಒಗೆ ಮನೆಗ್ ಬತ್ತದೆ.”

ನನಗೆ ಅಮ್ಮನ ಮೇಲಿನ ನಂಬಿಕೆ ಹೋಗಿಲ್ಲ. ಈಗಲೂ ದೀಪ ಹಚ್ಚುತ್ತೇನೆ. ಬೇಡದವರು ನಗಲಿ. ಆದರೆ ನಾನು ನಂಬಿದ್ದಕ್ಕೆ ಕಷ್ಟ ನಾನು ಪಡಬೇಕಿತ್ತು. ಒಗ್ಗರಣೆ ಬಿಟ್ಟದ್ದು ಅವರು, ಕೂಸು ಕಳೆದುಕೊಂಡದ್ದು ಅವರು, ಸುಳ್ಳಿ ಅನ್ನಿಸಿಕೊಂಡದ್ದು ಆ ಹುಡುಗಿ. ನನ್ನ ಮನೆಯಲ್ಲಿ ಒಂದು ಕಲೆಯ ಹೊರತು ಏನೂ ಆಗಲಿಲ್ಲ. ಬೀದಿಯಲ್ಲಿ ಈಗ ಯಾರ ಮನೆಗಾದರೂ ಅಮ್ಮ ಬಂದರೆ ಬಸುರಿಯರಿರುವ ಮನೆಗೆ ಹೋಗಿ ಹೇಳಿ ಬರುತ್ತೇನೆ. ಕೆಲವರು ಬೈಯುತ್ತಾರೆ. ಅದರಿಂದ ಏನೂ ಸರಿಹೋಗುವುದಿಲ್ಲ ಅಂತ ನನಗೆ ಗೊತ್ತು.

ಹದಿನೈದು ದಿನಕ್ಕೆ ಹುಡುಗಿಯ ಅತ್ತೆಯೇ ಮಳವಳ್ಳಿಗೆ ಹೋದಳಂತೆ. ಮೊದಲ ಸಲ ಹುಡುಗಿ ಬರಲಿಲ್ಲ. ಎರಡನೆಯ ಸಲ ಬರಲು ಒಪ್ಪಿದಳು, ಆದರೆ ಗುತ್ತಲಿಗೆ ಕಾಲಿಡುವುದಿಲ್ಲ ಅಂದಳು. ಅವರು ಮನೆ ಖಾಲಿ ಮಾಡಿ ಮಂಡ್ಯದಲ್ಲೇ ಇನ್ನೊಂದು ಕಡೆ ಹೋದರು. ಆಮೇಲೆ ಮಕ್ಕಳಾಗಿದೆಯೋ ಇಲ್ಲವೋ ಗೊತ್ತಿಲ್ಲ. ನಾನು ಯಾರನ್ನೂ ಕೇಳಿಲ್ಲ.

ಅವತ್ತು ಮಳವಳ್ಳಿಯಲ್ಲಿ ಕೊನೆಯ ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ. ಹುಡುಗಿ ಓಣಿಯ ತುದಿಯ ತನಕ ಬಂದಳು. ಯಾಕೆ ಬಂದಳೋ. ಏನಾದರೂ ಅನ್ನಬೇಕಲ್ಲ ಅಂತ, “ಆವಾಗೀವಾಗ ಬಂದು ನಿನ್ ನೋಡ್ಕಂಡ್ ಓಯ್ತೀನಿ ಕಣವ್ವ” ಅಂದೆ.

“ಬರ್ಬೇಡಿ ಅಜ್ಜಿ” ಅಂದಳು. ದನಿ ಏರಿಸಲಿಲ್ಲ. “ನೀವ್ ಬಂದ್ರೆ, ವಯಸ್ಸಾದೋರು, ಓಗ್ಲಿ ಬುಡಿ ಅಂತ ನಾನ್ ಅನ್ಬೇಕಾಯ್ತದೆ. ಅದು ನನ್ ಕೈಲಾಗಕಿಲ್ಲ.”

ಅವರು ಈಗಿರುವ ಮನೆ ನನಗೆ ಗೊತ್ತು. ಆಟೋದಲ್ಲಿ ಹೋದರೆ ಹತ್ತು ನಿಮಿಷ. ಹೋಗಿಲ್ಲ.